ಮುಂದಿನದು ಹಿಂದೆ, ಹಿಂದಿನದು ಮುಂದೆ

ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ. 1949ರಿಂದಲೂ ಕಾನೂನು ಹಾಗಿದೆ. ಪಿಸ್ಕಾಟವೇಯ ಜನವರಿ ಚಳಿಯಲ್ಲಿ ಇದು ಸುಖವೇ. ಆದರೆ ಕಾರಿನಿಂದ ಇಳಿಯದವರು ಟೈರು ನೋಡುವುದು ಯಾವಾಗ? ಬೆಂಗಳೂರಿನ ಬಂಕಿನಲ್ಲಿ ಗಾಳಿ ಹಾಕುವ ಹುಡುಗನಾದರೂ "ಸಾರ್, ಮುಂದಿನದು ಬೋಳಾಗಿದೆ" ಎನ್ನುತ್ತಾನೆ. ಇಲ್ಲಿ ಸರ್ಕಾರಿ ತಪಾಸಣೆಯೂ ಅದನ್ನು ಹೇಳುವುದಿಲ್ಲ. 2010ರ ಆಗಸ್ಟಿನಿಂದ ಸ್ವಂತ ಕಾರುಗಳಿಗೆ ಹೊಗೆ ಪರೀಕ್ಷೆಯಷ್ಟೇ. ಗಾಜಿನ ಮೇಲಿನ ಸ್ಟಿಕ್ಕರನ್ನು ಟೈರಿನ ಆರೋಗ್ಯಪತ್ರ ಎಂದುಕೊಳ್ಳಬೇಡಿ.

ಟೈರ್ ರೊಟೇಶನ್ ಎಂದರೆ ಚಕ್ರಗಳ ಜಾಗ ಬದಲಿಸುವುದು. ಸಾಮಾನ್ಯವಾಗಿ 5,000ದಿಂದ 7,500 ಮೈಲಿಗೊಮ್ಮೆ, ಆಯಿಲ್ ಬದಲಿಸುವಾಗಲೇ ಮಾಡಿಸಬಹುದು. ಮುಂದಿನ ಚಕ್ರಗಳು ಎಳೆಯುವ ಕಾರಾದರೆ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಪಕ್ಕದಲ್ಲಿ ಬಾಣದ ಗುರುತಿರುವ ಟೈರುಗಳನ್ನು ಎಡದಿಂದ ಬಲಕ್ಕೆ ದಾಟಿಸಬಾರದು. ನಮ್ಮೂರಲ್ಲಿ ಸ್ಟೆಪ್ನಿಯನ್ನೂ ಸರದಿಗೆ ಸೇರಿಸುವುದುಂಟು. ಇಲ್ಲಿನ ಎಷ್ಟೋ ಕಾರುಗಳಲ್ಲಿ ಅದು ಸಣಕಲು ಚಕ್ರ, ಅದನ್ನು ಡಿಕ್ಕಿಯಲ್ಲೇ ಬಿಡಿ.

ಇಷ್ಟೆಲ್ಲ ಏಕೆ? ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಇಂಜಿನ್ನಿನ ಭಾರ ಹೊರುವುದು, ಕಾರನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲನ್ನು ತಾಳುವುದು, ಎಲ್ಲವೂ ಮುಂದಿನ ಜೋಡಿಯ ಪಾಲಿಗೆ. 287ನೇ ಹೆದ್ದಾರಿಯಿಂದ ಇಳಿಯುವಾಗ ಬಲಕ್ಕೆ ಸುತ್ತಿ ಬರುವ ರ‍್ಯಾಂಪಿನಲ್ಲಿ ಭಾರ ಎಡಮುಂದಿನ ಟೈರಿನ ಅಂಚಿಗೆ ವಾಲುತ್ತದೆ. ಹಿಂದಿನವು ಸುಮ್ಮನೆ ಉರುಳುತ್ತವೆ, ಆದರೆ ಅವಕ್ಕೂ ಒಂದು ರೋಗವಿದೆ: ರಬ್ಬರಿನ ಗಟ್ಟಿಗಳು ಗರಗಸದ ಹಲ್ಲಿನಂತೆ ಸವೆದು ಗುಂಯ್ಗುಡತೊಡಗುತ್ತವೆ. ಬೇರಿಂಗ್ ಹೋಯಿತೆಂದು ದುಡ್ಡು ಸುರಿದವರಿದ್ದಾರೆ!

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮುಂದಿನವು ಸವೆದವು, ಎರಡು ಹೊಸದು ಕೊಂಡರು, ಎಳೆಯುವ ಚಕ್ರಕ್ಕೇ ಹೊಸದಿರಲಿ ಎಂದು ಮುಂದೆ ಹಾಕಿಸಿದರು. ತರ್ಕ ಸರಿಯೆನಿಸುತ್ತದೆ. ಮಳೆ ಬರಲಿ, ಆಗ ತಿಳಿಯುತ್ತದೆ. ಟೈರಿನ ತೋಡುಗಳು ರಸ್ತೆಯ ನೀರನ್ನು ಪಕ್ಕಕ್ಕೆ ತಳ್ಳಬೇಕು. ಆಳ ಸಾಲದಿದ್ದರೆ ವೇಗದಲ್ಲಿ ಟೈರು ನೀರಿನ ಮೇಲೆ ತೇಲುತ್ತದೆ. ಮುಂದಿನವು ತೇಲಿದರೆ ಸ್ಟೀರಿಂಗ್ ಹಗುರಾಗಿ ಕಾರು ನೇರ ಹೋಗುತ್ತದೆ. ಕೈಗೆ ಸುಳಿವು ಸಿಗುತ್ತದೆ, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನವು ತೇಲಿದರೆ ಸ್ಟೀರಿಂಗಿನಲ್ಲಿ ಸುಳಿವಿಲ್ಲ. ಬಾಲ ಪಕ್ಕಕ್ಕೆ ಹಾಯುತ್ತದೆ, ತಿಳಿಯುವ ಹೊತ್ತಿಗೆ ಕಾರು ಗಿರ್ರನೆ ತಿರುಗಿರುತ್ತದೆ. ಆದ್ದರಿಂದ ಎರಡೇ ಕೊಂಡರೆ ಹೊಸದು ಹಿಂದಕ್ಕೆ, ಎಳೆಯುವ ಚಕ್ರ ಯಾವುದೇ ಇರಲಿ.

ಹಾಗಾದರೆ ರೊಟೇಶನ್ ಸವೆದ ಟೈರನ್ನೇ ಹಿಂದಕ್ಕೆ ಕಳಿಸುತ್ತದಲ್ಲ? ಜಾಣ ಪ್ರಶ್ನೆ, ನನಗೆ ತುಂಬ ಇಷ್ಟವಾದದ್ದೂ ಹೌದು. ಸಕಾಲಕ್ಕೆ ಮಾಡಿಸಿದರೆ ಮುಂದಕ್ಕೂ ಹಿಂದಕ್ಕೂ ವ್ಯತ್ಯಾಸ ಅತ್ಯಲ್ಪ. ನಾಲ್ಕೂ ಜೊತೆಯಾಗಿ ಸವೆದು, ಜೊತೆಯಾಗಿಯೇ ಬದಲಾಗುತ್ತವೆ. ವರ್ಷಗಟ್ಟಲೆ ಮರೆತು ತಟ್ಟನೆ ಮಾಡಿಸಿದರೆ ಮಾತ್ರ ಬೋಳು ಟೈರು ಹಿಂದೆ ಕೂರುತ್ತದೆ. ಆಗ ಸುಮ್ಮನಿರುವುದೇ ಮೇಲು. ನಾಲ್ಕೂ ಚಕ್ರ ಎಳೆಯುವ ಕಾರಾದರೆ ಸಕಾಲಕ್ಕೆ ಮಾಡಿಸಲು ಇನ್ನೊಂದು ಕಾರಣವಿದೆ: 1.6 ಮಿಲಿಮೀಟರ್ ಸವೆತದ ವ್ಯತ್ಯಾಸಕ್ಕೆ ಸುತ್ತಳತೆ ಸುಮಾರು 10 ಮಿಲಿಮೀಟರ್ ಬೇರೆಯಾಗಿ, ಪ್ರತಿ ಸುತ್ತಿಗೂ ಡ್ರೈವ್ ವ್ಯವಸ್ಥೆ ಅದನ್ನು ತಾಳಬೇಕು.

ಬದಲಿಸಿದ ಮೇಲೆ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಂತೆ ಗಾಳಿ ಸರಿಮಾಡಿಸಿ. 50–100 ಮೈಲಿ ಓಡಿದ ನಂತರ ನಟ್ಟುಗಳ ಬಿಗಿ ನೋಡಿಸಿ. ಆಳ ಅಳೆಯುವ ಪುಟ್ಟ ಗೇಜು ಕೊಂಡು, ಪ್ರತಿ ಟೈರಿನಲ್ಲೂ ಒಳ ಅಂಚು, ನಡು, ಹೊರ ಅಂಚಿನ ಅಳತೆ ಬರೆದಿಡಿ. ನಡು ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಒಂದೇ ಅಂಚು ಸವೆಯುತ್ತಿದ್ದರೆ ಜಾಗ ಎಷ್ಟು ಬದಲಿಸಿದರೂ ಫಲವಿಲ್ಲ, ಅದು ಅಲೈನ್‌ಮೆಂಟಿನ ಕತೆ. ಮುಂದಿನ ಅಧ್ಯಾಯಕ್ಕೆ ಆ ಲೆಕ್ಕದ ಚೀಟಿ ಕೈಯಲ್ಲಿರಲಿ.