ನೆಲ್ಲಿಕಾರಿನಿಂದ ಬರ್ಕ್ಲಿಗೆ: ಡಾ. ಪದ್ಮನಾಭ ಜೈನಿ ಅವರ ಅಧ್ಯಯನ ಮತ್ತು ನಮ್ಮ ಹೊಲಗಳು

ನೀರು, ಮಣ್ಣು, ಗಿಡಮರ, ಪ್ರಾಣಿಪಕ್ಷಿಗಳ ವಿಷಯದಲ್ಲಿ ಮನುಷ್ಯನ ಹೊಣೆ ಏನು ಎಂದು ವಿಚಾರ ಮಾಡುವ ಶಾಸ್ತ್ರಕ್ಕೆ ವಿಶ್ವವಿದ್ಯಾಲಯಗಳಲ್ಲಿ ಪರಿಸರ ಜೈವಿಕ ನೀತಿಶಾಸ್ತ್ರ ಎನ್ನುತ್ತಾರೆ. ‘ಬಯೋಎಥಿಕ್ಸ್’ ಎಂಬ ಶಬ್ದವನ್ನು ಅಮೆರಿಕದ ವಿಜ್ಞಾನಿ ವ್ಯಾನ್ ರೆನ್ಸಲರ್ ಪಾಟರ್ 1970ರ ಸುಮಾರಿಗೆ ಬಳಕೆಗೆ ತಂದರು. ಶಬ್ದ ಹೊಸದಾದರೂ ವಿಚಾರ ನಮ್ಮ ಶ್ರಾವಕಾಚಾರ ಗ್ರಂಥಗಳಲ್ಲಿ ಮೊದಲಿನಿಂದ ಇದೆ. ಅದನ್ನು ಪಾಶ್ಚಾತ್ಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರದೊಂದಿಗೆ ಇಟ್ಟವರಲ್ಲಿ ನಮ್ಮ ಕರ್ನಾಟಕದವರೇ ಆದ ಡಾ. ಪದ್ಮನಾಭ ಜೈನಿ ಪ್ರಮುಖರು.

ಜೈನಿಯವರು 1923ರಲ್ಲಿ ಮೂಡಬಿದಿರೆ ಸಮೀಪದ ನೆಲ್ಲಿಕಾರಿನಲ್ಲಿ ದಿಗಂಬರ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲೇ ಮನೆ ಬಿಟ್ಟು ವಿದರ್ಭದ ಕಾರಂಜಾ ಗುರುಕುಲದಲ್ಲಿ ಓದಿದರು. ಮುಂದೆ ಶ್ರೀಲಂಕಾಕ್ಕೆ ಹೋಗಿ ಪಾಲಿ ಭಾಷೆ ಕಲಿತರು. ಬನಾರಸ ಹಿಂದೂ ವಿಶ್ವವಿದ್ಯಾಲಯ, ಲಂಡನ್, ಮಿಶಿಗನ್‌ಗಳಲ್ಲಿ ಕಲಿಸಿ, 1972ರಿಂದ 1994ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು. 2021ರ ಮೇ ತಿಂಗಳಲ್ಲಿ ನಿಧನರಾದರು. ಬೌದ್ಧ ಮತ್ತು ಜೈನ ಶಾಸ್ತ್ರಗಳೇ ಅವರ ಮುಖ್ಯ ವಿಷಯ. ಪರಿಸರದ ವಿಚಾರಕ್ಕೆ ಅವರು ಬಂದದ್ದು ಅಹಿಂಸೆಯ ಅಧ್ಯಯನದ ದಾರಿಯಿಂದ.

1979ರಲ್ಲಿ ಪ್ರಕಟವಾದ ಅವರ ‘ದ ಜೈನ ಪಾತ್ ಆಫ್ ಪ್ಯೂರಿಫಿಕೇಶನ್’ ಇಂದಿಗೂ ಹೊರದೇಶದ ವಿದ್ಯಾರ್ಥಿಗಳು ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ. ಮುನಿಗಳ ಆಚಾರದ ಜೊತೆಗೆ ಶ್ರಾವಕರ ವ್ರತಗಳನ್ನೂ ಅದರಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಸಂಕಲ್ಪ ಮಾಡಿ ಕೊಲ್ಲುವುದು ಬೇರೆ, ಒಕ್ಕಲುತನ, ಅಡುಗೆ, ಉದ್ಯೋಗ ಮಾಡುವಾಗ ತಪ್ಪಿಸಲಾಗದೆ ಆಗುವ ಆರಂಭ ಹಿಂಸೆ ಬೇರೆ. ಈ ಭೇದ ತಿಳಿಯದಿದ್ದರೆ ‘ಜೈನರು ಒಕ್ಕಲುತನ ಮಾಡುವುದೇ ಇಲ್ಲ’ ಎಂಬ ತಪ್ಪು ತಿಳುವಳಿಕೆ ಬರುತ್ತದೆ, ಬಂದೂ ಇದೆ. ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ಹೇಳಿದ ಆರು ವೃತ್ತಿಗಳಲ್ಲಿ ಕೃಷಿಯೂ ಒಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಎಷ್ಟು ಜೈನ ಮನೆತನಗಳು ನೇಗಿಲ ಮೇಲೆ ಬದುಕಿವೆ ಎಂಬುದನ್ನು ಹೇಳಬೇಕಾಗಿಲ್ಲ.

ಪ್ರಾಣಿಗಳ ಆಧ್ಯಾತ್ಮಿಕ ಯೋಗ್ಯತೆಯ ಬಗ್ಗೆ ಜೈನಿಯವರು ಬರೆದ ಒಂದು ಲೇಖನ ಪ್ರಸಿದ್ಧವಾಗಿದೆ. ಮನಸ್ಸುಳ್ಳ ಪಂಚೇಂದ್ರಿಯ ಪ್ರಾಣಿಯೂ ಸಮ್ಯಕ್ತ್ವ ಪಡೆದು ಅಣುವ್ರತ ಪಾಲಿಸಬಲ್ಲದು ಎಂಬುದು ಜೈನ ಸಿದ್ಧಾಂತ. ಮಹಾವೀರ ಸ್ವಾಮಿಯ ಪೂರ್ವಭವದ ಸಿಂಹದ ಕಥೆ ನಮ್ಮ ಮಕ್ಕಳಿಗೂ ಗೊತ್ತು. 1998ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜೈನ ಧರ್ಮ ಮತ್ತು ಪರಿಸರ ಕುರಿತು ವಿಚಾರ ಸಂಕಿರಣ ನಡೆಯಿತು. ಅದರಿಂದ ಬಂದ ಗ್ರಂಥವನ್ನು ಕ್ರಿಸ್ಟೋಫರ್ ಕೀ ಚಾಪಲ್ 2002ರಲ್ಲಿ ಸಂಪಾದಿಸಿದರು. ಪರಿಸರ, ಅರ್ಥವ್ಯವಹಾರ, ಅಭಿವೃದ್ಧಿ ಈ ಮೂರನ್ನೂ ಕೂಡಿಸಿ ಜೈನಿಯವರು ಬರೆದ ಲೇಖನ ಅದರಲ್ಲಿದೆ. ವ್ಯಾಪಾರಸ್ಥರು ಓದಲೇಬೇಕಾದ ವಿಷಯ ಅದು.

ಇಂಥ ಅಧ್ಯಯನಕ್ಕೆ ಬೇಕಾದ ಮೂಲಗ್ರಂಥಗಳನ್ನು ಶುದ್ಧ ಮಾಡಿಕೊಟ್ಟವರಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಸದಲಗಾದವರೊಬ್ಬರಿದ್ದಾರೆ. ಅಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸುತ್ತಲೇ 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದರು. ಜೀವ ಸಾಯಲಿ ಬಿಡಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ, ಯತ್ನದಿಂದ ನಡೆಯುವವನಿಗೆ ಬಂಧವಿಲ್ಲ ಎಂಬ ವಿಚಾರ ಆ ಗ್ರಂಥದಲ್ಲಿದೆ. ಅಹಿಂಸೆಯ ಬಗ್ಗೆ ಯಾವ ದೇಶದ ಪಂಡಿತರು ಬರೆದರೂ ಇಲ್ಲಿಗೇ ಬರಬೇಕಾಗುತ್ತದೆ.

ಇದನ್ನು ನಮ್ಮ ಹೊಲಕ್ಕೆ ತಂದು ನೋಡಬೇಕು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡವನ್ನು ಹೇಳಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಕಬ್ಬು ಕಡಿದ ಮೇಲೆ ರವದಿಗೆ ಕಡ್ಡಿ ಗೀರುವುದು ನಮ್ಮ ಭಾಗದಲ್ಲಿ ರೂಢಿಯಾಗಿದೆ. ಹುಳ, ಇರುವೆ, ಹಾವು, ಹಕ್ಕಿಗೂಡು ಎಲ್ಲ ಅದರಲ್ಲಿ ಸುಡುತ್ತವೆ. ಉಳುಮೆಯಲ್ಲಾಗುವ ಹಿಂಸೆಯಂತೆ ಇದೂ ಅನಿವಾರ್ಯ ಎನ್ನಲು ಬರುವುದಿಲ್ಲ. ರವದಿಯನ್ನು ಸಾಲಿನಲ್ಲಿ ಹರಡಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ, ಕಸವೂ ಕಡಿಮೆ. ಮನೆಯಲ್ಲಿ ನೀರು ಸೋಸಿ ಕುಡಿದು, ಸೂರ್ಯಾಸ್ತದ ಮುಂಚೆ ಊಟ ಮುಗಿಸುವವರು ಹೊಲದಲ್ಲಿ ಹೀಗೆ ಮಾಡುವುದು ಹೇಗೆ ಸರಿ? ನೀರಿನದೂ ಅದೇ ಕಥೆ. ಕೃಷ್ಣಾ ದಂಡೆಯಲ್ಲಿ ಅತಿಯಾಗಿ ನೀರು ಹಾಯಿಸಿ ಎಷ್ಟೋ ಒಳ್ಳೆಯ ಕರಿಮಣ್ಣು ಸವಳಾಗಿದೆ. ಹನಿ ನೀರಾವರಿಗೆ ಮೊದಲು ಹಣ ಬೇಕು ಎಂಬುದು ನಿಜ, ಆದರೆ ರವದಿ ಸುಡದೆ ಬಿಡಲು ಅಂಥ ಖರ್ಚಿಲ್ಲ.

ರವದಿ ಪುಡಿ ಮಾಡಲು ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರಗಳು ಈಗ ಬಂದಿವೆ. ಜೈನಿಯವರ ಪುಸ್ತಕವನ್ನು ದೆಹಲಿಯ ಮೋತಿಲಾಲ್ ಬನಾರಸಿದಾಸ್ ಸಂಸ್ಥೆ ಭಾರತದಲ್ಲಿ ಮರುಮುದ್ರಿಸಿದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಕಷ್ಟವಾಗದು. ಬಸದಿಯ ವಾಚನಾಲಯಕ್ಕೆ ಒಂದು ಪ್ರತಿ ತರಿಸಿ, ಶ್ರಾವಕರ ವ್ರತಗಳ ಭಾಗವನ್ನು ಅವರಿಂದ ಓದಿಸಿ, ಹಿರಿಯರು ಕನ್ನಡದಲ್ಲಿ ಕೇಳಿಕೊಳ್ಳಬಹುದು.