ಪ್ರಶ್ನೆಯ ಜೊತೆಗೆ ಬರುವ ನೆನಪು

ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂಬುದನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆಗೆ ತಮ್ಮ ಎರಡನೆಯ ವಯಸ್ಸಿನ ಒಂದು ಘಟನೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಪ್ಯಾರಿಸ್ಸಿನ ಶಾಂಜೆಲಿಜೆ ರಸ್ತೆ. ದಾದಿ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದಾಳೆ. ಒಬ್ಬಾತ ಮಗುವನ್ನು ಕಸಿಯಲು ಮೇಲೆ ಬೀಳುತ್ತಾನೆ. ದಾದಿ ಅಡ್ಡ ನಿಂತು ಸೆಣಸುತ್ತಾಳೆ, ಅವಳ ಮುಖವೆಲ್ಲ ಪರಚಿದ ಗಾಯ. ಜನ ಸೇರುತ್ತಾರೆ, ಗಿಡ್ಡ ಮೇಲಂಗಿ ತೊಟ್ಟು ಬಿಳಿ ಲಾಠಿ ಹಿಡಿದ ಪೊಲೀಸ್ ಬರುತ್ತಾನೆ, ಕಳ್ಳ ಓಟ ಕೀಳುತ್ತಾನೆ. ಪಿಯಾಜೆಗೆ ಹದಿನೈದು ವರ್ಷವಾಗುವ ಹೊತ್ತಿಗೆ ಅವರ ತಂದೆತಾಯಿಗೆ ಆ ದಾದಿಯಿಂದ ಒಂದು ಕಾಗದ ಬಂತು. ಅಂದು ಹೇಳಿದ್ದೆಲ್ಲ ತಾನು ಕಟ್ಟಿದ ಕತೆ, ಗಾಯವೂ ನಾಟಕ ಎಂದು ಅವಳು ಒಪ್ಪಿಕೊಂಡಿದ್ದಳು. ಧೈರ್ಯಕ್ಕೆ ಮೆಚ್ಚಿ ಕೊಟ್ಟಿದ್ದ ಗಡಿಯಾರವನ್ನೂ ಹಿಂದಿರುಗಿಸಿದಳು.

ಮನೆಯ ಹಿರಿಯರು ನಂಬಿ ಮತ್ತೆ ಮತ್ತೆ ಹೇಳಿದ ಕತೆಗೆ ಮಗುವಿನ ಮನಸ್ಸು ಚಿತ್ರ ಕೊಟ್ಟು, ತಾನೇ ಕಂಡದ್ದೆಂದು ಇಟ್ಟುಕೊಂಡಿತ್ತು. ಅಲ್ಲಿ ಸುಳ್ಳು ಹೇಳಿದವಳು ದಾದಿ ಒಬ್ಬಳೇ. ಪಿಯಾಜೆ ಹೇಳಿದ್ದು ತಮಗೆ ನಿಜವಾಗಿ ನೆನಪಿದ್ದುದನ್ನೇ. ಹುಸಿ ನೆನಪನ್ನು ಕುರಿತು ಮಾತಾಡುವಾಗ ಈ ವ್ಯತ್ಯಾಸವನ್ನು ಮರೆತರೆ ದೊಡ್ಡ ಅನ್ಯಾಯವಾಗುತ್ತದೆ.

ನೆನಪು ಸಂಗ್ರಹವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಎಂಬ ವಿಚಾರವನ್ನು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಮಂಡಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕತೆಯನ್ನು ಅವರು ಇಂಗ್ಲಿಷ್ ಓದುಗರಿಗೆ ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ಅದನ್ನು ತಿರುಗಿ ಹೇಳಿಸಿದರು. ಅಪರಿಚಿತವಾದ ‘ಕನೂ’ ಸಾಮಾನ್ಯ ದೋಣಿಯಾಯಿತು, ಅರ್ಥವಾಗದ ತಿರುವುಗಳು ಉದುರಿಹೋದವು, ಕತೆ ಇಂಗ್ಲಿಷ್ ಕತೆಯಂತಾಯಿತು. ನಮ್ಮ ತಾಳಮದ್ದಳೆ ಕೂಟದಲ್ಲಿ ಪ್ರಸಂಗ ಅದೇ, ಪದ್ಯ ಅದೇ. ಅರ್ಥಧಾರಿಯ ಮಾತು ಮಾತ್ರ ಎದುರಿಗೆ ಕೂತ ಅರ್ಥಧಾರಿಯನ್ನೂ ಆ ರಾತ್ರಿಯನ್ನೂ ನೋಡಿಕೊಂಡು ಹುಟ್ಟುತ್ತದೆ. ನೆನಪೂ ಹಾಗೆಯೇ. ಎದುರಿಗಿರುವವರು ಯಾವ ಪ್ರಶ್ನೆ ಹಾಕುತ್ತಾರೆ ಎಂಬುದರ ಮೇಲೆ ಅದರ ಮಾತು ನಿಂತಿರುತ್ತದೆ.

ಈ ಕೊನೆಯ ಅಂಶವನ್ನು ಲೆಕ್ಕಕ್ಕೆ ಸಿಗುವಂತೆ ತೋರಿಸಿದವರು ಅಮೆರಿಕದ ಎಲಿಜಬೆತ್ ಲಾಫ್ಟಸ್. 1974ರಲ್ಲಿ ಅವರು ಜಾನ್ ಪಾಮರ್ ಜೊತೆಗೂಡಿ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿಕ್ಕ ಚಿಕ್ಕ ಫಿಲ್ಮುಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಕ್ರಿಯಾಪದ ಬೇರೆ. ಒಂದು ಗುಂಪಿಗೆ ‘ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ’ ಎಂದರು, ಇನ್ನೊಂದಕ್ಕೆ ‘ತಾಗಿದಾಗ’ ಎಂದರು. ಅಪ್ಪಳಿಸಿದವೆಂದು ಕೇಳಿಸಿಕೊಂಡವರು ಗಂಟೆಗೆ ಸರಾಸರಿ 40.5 ಮೈಲಿ ಎಂದರು. ತಾಗಿದವೆಂದು ಕೇಳಿಸಿಕೊಂಡವರ ಸರಾಸರಿ 31.8 ಮೈಲಿ. ನೋಡಿದ್ದು ಅದೇ ಫಿಲ್ಮು.

ವೇಗವನ್ನು ಅಂದಾಜು ಮಾಡುವಾಗ ಪ್ರಶ್ನೆಯ ಧಾಟಿಗೆ ತಕ್ಕಂತೆ ಉತ್ತರಿಸಿರಬಹುದಲ್ಲ ಎಂಬ ಸಂಶಯ ನ್ಯಾಯವಾದದ್ದೇ. ಅದಕ್ಕಾಗಿ ಎರಡನೆಯ ಪ್ರಯೋಗ ನಡೆಯಿತು. 150 ವಿದ್ಯಾರ್ಥಿಗಳು. ಒಂದು ವಾರ ಬಿಟ್ಟು ಕರೆಸಿ, ‘ಒಡೆದ ಗಾಜು ಕಂಡಿರಾ?’ ಎಂದು ಕೇಳಿದರು. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ವಾರದ ಹಿಂದೆ ‘ಅಪ್ಪಳಿಸಿದ’ ಎಂಬ ಮಾತು ಕಿವಿಗೆ ಬಿದ್ದಿದ್ದ 50 ಜನರಲ್ಲಿ 16 ಮಂದಿ ಗಾಜು ಕಂಡೆವೆಂದರು. ‘ಹೊಡೆದ’ ಎಂಬ ಸೌಮ್ಯ ಪದ ಕೇಳಿದ್ದವರಲ್ಲಿ 7 ಮಂದಿ, ವೇಗದ ಪ್ರಶ್ನೆಯನ್ನೇ ಕೇಳಿರದವರಲ್ಲಿ 6 ಮಂದಿ ಹಾಗೆಂದರು. ಒಂದು ಪದ ಏಳು ದಿನ ಒಳಗೇ ಕೆಲಸ ಮಾಡಿ, ಇಲ್ಲದ ಗಾಜನ್ನು ರಸ್ತೆಯ ಮೇಲೆ ಚೆಲ್ಲಿತ್ತು.

ವಿವರ ಬದಲಾಗುವುದು ಸರಿ, ಇಡೀ ಘಟನೆಯನ್ನೇ ನೆಡಬಹುದೇ? ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ 24 ಜನರಿಗೆ ಅವರ ಬಾಲ್ಯದ ನಾಲ್ಕು ಪ್ರಸಂಗಗಳನ್ನು ಬರೆದು ಕೊಟ್ಟರು. ಮೂರು ಪ್ರಸಂಗಗಳು ಮನೆಯವರಿಂದ ಕೇಳಿ ತಿಳಿದ ನಿಜ ಸಂಗತಿಗಳು. ನಾಲ್ಕನೆಯದು ಕಟ್ಟುಕತೆ: ಸುಮಾರು ಐದನೆಯ ವಯಸ್ಸಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿ ಅಳುತ್ತಿದ್ದಿರಿ, ಯಾರೋ ವಯಸ್ಸಾದವರು ಕರೆತಂದು ಮನೆಯವರಿಗೆ ಒಪ್ಪಿಸಿದರು ಎಂಬುದು. ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ‘ನೆನಪಿಸಿಕೊಂಡರು’. 24 ಜನರ ಲೆಕ್ಕ ತೀರಾ ಚಿಕ್ಕದು ಎಂಬ ಆಕ್ಷೇಪ ಬಹುಕಾಲ ಇತ್ತು. ಐರ್ಲೆಂಡಿನ ಸಂಶೋಧಕರು 123 ಜನರ ಮೇಲೆ ಇದೇ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದಾಗ ಪ್ರಮಾಣ ಶೇ 35 ಆಗಿತ್ತು. ಗಮನಿಸಬೇಕಾದ್ದು ಇನ್ನೊಂದಿದೆ. ಬಹುಪಾಲು ಜನ ಆ ಕತೆಯನ್ನು ಒಪ್ಪಲಿಲ್ಲ. ಯಾರ ತಲೆಯಲ್ಲಿ ಏನನ್ನು ಬೇಕಾದರೂ ತುಂಬಬಹುದು ಎಂದು ಈ ಸಂಶೋಧನೆ ಹೇಳುವುದಿಲ್ಲ. ನಂಬುವಂಥ ಘಟನೆ, ನಂಬಿಕಸ್ಥರ ಬಾಯಿಂದ ಬಂದ ಮಾತು, ಮತ್ತೆ ಮತ್ತೆ ಕಲ್ಪಿಸಿಕೊಳ್ಳುವ ಒತ್ತಡ ಇವು ಕೂಡಿದಾಗ ಅಪಾಯ ಹೆಚ್ಚು ಎಂದಷ್ಟೇ ಹೇಳುತ್ತದೆ.

ಪ್ರಯೋಗಾಲಯದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಪೊಲೀಸ್ ಠಾಣೆಯಲ್ಲಿ ಇದೆ. ಅದಕ್ಕೆ ನಾರ್ತ್ ಕ್ಯಾರೊಲಿನಾದ ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1984ರ ಜುಲೈ, ಬರ್ಲಿಂಗ್ಟನ್ ಊರು. 22 ವರ್ಷದ ಕಾಲೇಜು ವಿದ್ಯಾರ್ಥಿನಿಯ ಮನೆಗೆ ರಾತ್ರಿ ನುಗ್ಗಿದ ಒಬ್ಬ ಅತ್ಯಾಚಾರವೆಸಗಿದ. ಬದುಕಿ ಉಳಿದರೆ ಇವನನ್ನು ಹಿಡಿದುಕೊಡಬೇಕೆಂದು ಆಕೆ ಆ ಭಯಾನಕ ಹೊತ್ತಿನಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿದಳು. ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾರು? ಠಾಣೆಯಲ್ಲಿ ಫೋಟೊಗಳನ್ನು ಮುಂದಿಟ್ಟಾಗ ಆಕೆ ಹಲವು ನಿಮಿಷ ನೋಡಿ, ಯೋಚಿಸಿ, ರೊನಾಲ್ಡ್ ಕಾಟನ್ ಎಂಬಾತನ ಫೋಟೊ ಆರಿಸಿದಳು. ಆಯ್ಕೆ ಸರಿ ಎಂಬಂತೆ ಪೊಲೀಸರು ನಡೆದುಕೊಂಡರು. ಆಮೇಲೆ ಆಳುಗಳನ್ನೇ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸಿದರು. ಫೋಟೊದಲ್ಲೂ ಸಾಲಿನಲ್ಲೂ ಇದ್ದವನು ಕಾಟನ್ ಒಬ್ಬನೇ. ಆಕೆ ಅವನನ್ನೇ ತೋರಿಸಿದಾಗ, ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ತಿಳಿಸಿದರು. ತಡವರಿಸಿ ಆರಂಭವಾದದ್ದು ಕೋರ್ಟಿನ ಕಟಕಟೆಗೆ ಬರುವ ಹೊತ್ತಿಗೆ ಖಚಿತವಾಗಿತ್ತು. 1987ರ ಎರಡನೆಯ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ತಂದು ಎದುರು ನಿಲ್ಲಿಸಿದರೂ ಇವನನ್ನು ನೋಡಿಯೇ ಇಲ್ಲ ಎಂದಳು. ಅವಳ ನೆನಪಿನಲ್ಲಿ ಅಷ್ಟರೊಳಗೆ ಕಾಟನ್ ಮುಖ ಕೂತಿತ್ತು. 1995ರಲ್ಲಿ ಡಿಎನ್ಎ ಪರೀಕ್ಷೆ ಕಾಟನ್ ನಿರಪರಾಧಿ ಎಂದು ತೋರಿಸಿತು. ಅಷ್ಟರಲ್ಲಿ ಆತ ಹತ್ತು ವರ್ಷಕ್ಕೂ ಮೀರಿ ಜೈಲಿನಲ್ಲಿ ಕಳೆದಿದ್ದ.

ಆ ಹೆಣ್ಣುಮಗಳನ್ನು ದೂರಲು ಇದರಲ್ಲಿ ಏನೂ ಇಲ್ಲ. ಖಚಿತತೆ ಅವಳೊಳಗೆ ಹುಟ್ಟಿದ್ದಲ್ಲ, ಅವಳಿಗೆ ಕೊಟ್ಟದ್ದು. ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ವಿಡಿಯೊ ನೋಡಿದವರ ಮುಂದೆ ನಿಜವಾದ ಅಪರಾಧಿಯೇ ಇಲ್ಲದ ಫೋಟೊಗಳನ್ನಿಟ್ಟರು. ಆರಿಸಿದವರೆಲ್ಲರ ಆಯ್ಕೆಯೂ ತಪ್ಪು. ಕೆಲವರಿಗೆ ಮಾತ್ರ ‘ಒಳ್ಳೆಯದು, ಆರೋಪಿಯನ್ನೇ ಗುರುತಿಸಿದಿರಿ’ ಎಂದರು. ಈ ಒಂದು ವಾಕ್ಯ ಕೇಳಿದವರು, ಗುರುತಿಸುವಾಗಲೇ ತಮಗೆ ಖಾತ್ರಿಯಿತ್ತೆಂದೂ ಮುಖ ಸ್ಪಷ್ಟವಾಗಿ ಕಂಡಿತ್ತೆಂದೂ ಹೇಳಿದರು. ಹೊಗಳಿಕೆ ಹಿಂದಕ್ಕೆ ಹೋಗಿ, ನೋಡಿದ ಕ್ಷಣವನ್ನೇ ತಿದ್ದಿತ್ತು. ಅಮೆರಿಕದಲ್ಲಿ ಡಿಎನ್ಎ ಪರೀಕ್ಷೆಯಿಂದ ಬಿಡುಗಡೆಯಾದ ನಿರಪರಾಧಿಗಳ ಪ್ರಕರಣಗಳಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚಿನವುಗಳಲ್ಲಿ ಪ್ರತ್ಯಕ್ಷಸಾಕ್ಷಿ ತಪ್ಪು ಗುರುತು ಹಿಡಿದಿದ್ದರು. ನಾರ್ತ್ ಕ್ಯಾರೊಲಿನಾ 2007ರಲ್ಲಿ ಕಾನೂನನ್ನೇ ಮಾಡಿತು: ಆರೋಪಿ ಯಾರೆಂದು ಗೊತ್ತಿಲ್ಲದ ಅಧಿಕಾರಿಯೇ ಗುರುತು ಹಿಡಿಸಬೇಕು.

ಮಿದುಳಿನ ಮಟ್ಟದಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಸುಳಿವು ನ್ಯೂಯಾರ್ಕಿನಲ್ಲಿ ಕರೀಮ್ ನಾದೆರ್ ಮತ್ತು ಸಂಗಡಿಗರು 2000ದಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಸಿಕ್ಕಿತು. ಶಬ್ದ ಕೇಳಿದರೆ ಶಾಕ್ ಬರುತ್ತದೆಂದು ಕಲಿತಿದ್ದ ಇಲಿಗೆ ಆ ಶಬ್ದವನ್ನು ಮತ್ತೆ ಕೇಳಿಸಿ, ತಕ್ಷಣವೇ ಮಿದುಳಿನ ಅಮಿಗ್ಡಾಲಾ ಭಾಗದಲ್ಲಿ ಪ್ರೋಟೀನ್ ತಯಾರಿಕೆಯನ್ನು ಔಷಧದಿಂದ ತಡೆದರೆ ಆ ಭಯ ಮಾಸಿಹೋಗುತ್ತಿತ್ತು. ಶಬ್ದವನ್ನು ಕೇಳಿಸದೆ ಔಷಧ ಕೊಟ್ಟರೆ ಭಯ ಹಾಗೇ ಉಳಿಯುತ್ತಿತ್ತು. ನೆನಪಿಸಿಕೊಂಡ ಗಳಿಗೆಯಲ್ಲಿ ನೆನಪು ಸಡಿಲಗೊಂಡು, ಮತ್ತೆ ಗಟ್ಟಿಯಾಗಬೇಕು ಎಂದಾಯಿತು. ಇಲಿಯ ಭಯದಿಂದ ಮನುಷ್ಯನ ಸಾಕ್ಷ್ಯಕ್ಕೆ ಒಂದೇ ಹೆಜ್ಜೆಗೆ ಹಾರುವುದು ಸರಿಯಲ್ಲ; ಆದರೆ ನೆನಪಿನ ಬಾಗಿಲು ತೆರೆಯುವ ಹೊತ್ತೇ ಅದು ಬದಲಾಗಬಹುದಾದ ಹೊತ್ತು ಎಂಬುದು ಎರಡೂ ಕಡೆಯಿಂದ ಕಾಣುತ್ತಿದೆ.

ಇದೇ ವಿಜ್ಞಾನವನ್ನು ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. ದೌರ್ಜನ್ಯಕ್ಕೆ ಒಳಗಾದವರು ಬಾಯಿಬಿಟ್ಟಾಗ ‘ಅದು ಹುಸಿ ನೆನಪು’ ಎಂದು ತಳ್ಳಿಹಾಕುವುದು ಸುಲಭ. ಅದು ಅನ್ಯಾಯ. ನೆನಪು ತಪ್ಪಬಲ್ಲುದು ಎಂದರೆ ಎಲ್ಲ ನೆನಪೂ ತಪ್ಪು ಎಂದಾಗುವುದಿಲ್ಲ. ಯಾರೂ ಕಲಕದೆ ಬಿಟ್ಟ ಮೊದಲ ಹೇಳಿಕೆ ಸಾಮಾನ್ಯವಾಗಿ ನಂಬಲು ಅರ್ಹವಾದದ್ದು. ಹಾಗಾಗಿಯೇ ನಮ್ಮ 2012ರ ಪೋಕ್ಸೊ ಕಾಯ್ದೆ, ಮಗುವಿನ ಸಾಕ್ಷ್ಯವನ್ನು ವಿಶೇಷ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ದಾಖಲಿಸಬೇಕೆಂದು ಹೇಳಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ಗಡುವು ಮೀರಿದಷ್ಟೂ ಮಗುವಿನ ಕಿವಿಗೆ ಹತ್ತಾರು ಜನರ ಮಾತು ಬೀಳುತ್ತದೆ.

ಕರ್ನಾಟಕಕ್ಕೂ ಇದರಲ್ಲಿ ಒಂದು ಪಾಲಿದೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಸೋಡಿಯಂ ಪೆಂಟೊಥಾಲ್ ಚುಚ್ಚಿ, ಮಂಪರಿನಲ್ಲಿದ್ದವರ ಬಾಯಿಂದ ‘ಸತ್ಯ’ ಹೊರಡಿಸುವ ದೃಶ್ಯಗಳನ್ನು ಟಿವಿಯಲ್ಲಿ ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮಂಪರಿನಲ್ಲಿ ಮನುಷ್ಯ ಪ್ರಶ್ನೆ ಕೇಳುವವರ ಸೂಚನೆಗೆ ಎಂದಿಗಿಂತ ಬೇಗ ಬಾಗುತ್ತಾನೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ತೀರ್ಪಿನ ಬುಡ ಇದ್ದದ್ದು ಸಂವಿಧಾನದಲ್ಲಿ. ವಿಜ್ಞಾನವೂ ಅದರ ಪರವಾಗಿಯೇ ಇತ್ತು.

ಅಪಘಾತವನ್ನೋ ಹೊಡೆದಾಟವನ್ನೋ ನೀವು ಕಣ್ಣಾರೆ ಕಂಡರೆ, ಪಕ್ಕದವರ ಜೊತೆ ಚರ್ಚಿಸುವ ಮೊದಲು, ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡುವ ಮೊದಲು, ಕಂಡಷ್ಟನ್ನು ತಾರೀಖು, ಗಂಟೆ ಹಾಕಿ ಬರೆದಿಡಿ. ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯಿರಿ. ಮಗು ಶಾಲೆಯಿಂದ ಅಳುತ್ತ ಬಂದರೆ ‘ಆ ಸರ್ ಹೊಡೆದರಾ?’ ಎನ್ನಬೇಡಿ. ‘ಏನಾಯ್ತು, ಹೇಳು ಕಂದ’ ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಸುಮ್ಮನಿರಿ.