ಸೀಳು ಅಂಗುಳದ ಮಕ್ಕಳು ಮತ್ತು ಅಗಿಯುವ ಶಕ್ತಿ

ಆಹಾರವನ್ನು ಅಗಿಯುವುದು ಹಲ್ಲುಗಳ ಕೆಲಸವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆಯಾದರೂ, ಒಂದು ತುತ್ತು ನುಂಗುವ ಹದಕ್ಕೆ ಬರಬೇಕಾದರೆ ಮೇಲ್ದವಡೆ ಮತ್ತು ಕೆಳದವಡೆಯ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು, ಕಿವಿಯ ಮುಂದಿರುವ ದವಡೆಯ ಕೀಲು ಸರಾಗವಾಗಿ ತೆರೆದು ಮುಚ್ಚಬೇಕು, ಕೆನ್ನೆಯ ಮತ್ತು ಕಣತಲೆಯ ಸ್ನಾಯುಗಳು ಬಲವಾಗಿ ಎಳೆಯಬೇಕು, ಅತ್ತಿತ್ತ ಜಾರುವ ಆಹಾರವನ್ನು ನಾಲಿಗೆ ಮತ್ತೆ ಮತ್ತೆ ಹಲ್ಲುಗಳ ನಡುವೆ ತಂದಿಡಬೇಕು. ತಲೆಬುರುಡೆ ಮತ್ತು ಮುಖದ ಎಲುಬುಗಳ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ದೋಷವಿರುವ ಮಕ್ಕಳಲ್ಲಿ ಈ ಏರ್ಪಾಡಿನ ಒಂದಲ್ಲ ಒಂದು ಅಂಗ ಕುಂದಿರುತ್ತದೆ. ಮುಖದ ಒಂದು ಪಾರ್ಶ್ವ ಸರಿಯಾಗಿ ಬೆಳೆಯದಿದ್ದರೆ ಕೆಳದವಡೆ ಓರೆಯಾಗುತ್ತದೆ. ಚರ್ಮ, ಕೂದಲು, ಬೆವರಿನ ಗ್ರಂಥಿ ಮತ್ತು ಹಲ್ಲುಗಳನ್ನು ಒಟ್ಟಿಗೆ ಬಾಧಿಸುವ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಆನುವಂಶಿಕ ದೋಷದಲ್ಲಿ ಅನೇಕ ಹಲ್ಲುಗಳು ಮೂಡುವುದೇ ಇಲ್ಲ. ಇಂಥ ದೋಷಗಳ ಪೈಕಿ ಹೆಚ್ಚಾಗಿ ಕಾಣಸಿಗುವುದು, ಲೋಕದಾದ್ಯಂತ ಸುಮಾರು 700 ಜನನಗಳಿಗೆ ಒಂದರಂತೆ ಕಂಡುಬರುವ ಸೀಳುತುಟಿ ಮತ್ತು ಸೀಳು ಅಂಗುಳ.

ಗರ್ಭದಲ್ಲಿ ಮಗುವಿನ ಮುಖ ಎರಡು ಪಕ್ಕಗಳಿಂದ ಬೆಳೆದು ನಡುವಿನಲ್ಲಿ ಬೆಸೆದುಕೊಳ್ಳುತ್ತದೆ. ತುಟಿ ರೂಪುಗೊಳ್ಳುವುದು 4ರಿಂದ 7ನೆಯ ವಾರದೊಳಗೆ, ಅಂಗುಳ ರೂಪುಗೊಳ್ಳುವುದು 6ರಿಂದ 9ನೆಯ ವಾರದೊಳಗೆ. ಈ ಅವಧಿಯಲ್ಲಿ ಬೆಸುಗೆ ಪೂರ್ತಿಯಾಗದೆ ಉಳಿದ ಕಡೆ ಸೀಳು ನಿಲ್ಲುತ್ತದೆ. ಅನೇಕ ತಾಯಂದಿರಿಗೆ ತಾವು ಬಸುರಿಯೆಂಬುದು ಖಚಿತವಾಗುವ ಹೊತ್ತಿಗೇ ಇದರ ಬಹುಭಾಗ ಮುಗಿದಿರುತ್ತದೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಕತ್ತಿ ಹಿಡಿದು ಏನನ್ನೋ ಹೆಚ್ಚಿದ್ದರಿಂದ ಮಗುವಿನ ತುಟಿ ಸೀಳಿತೆಂಬ ನಂಬಿಕೆ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಇನ್ನೂ ಉಳಿದಿದೆ; ಆ ಮಾತಿಗೆ ಯಾವ ಆಧಾರವೂ ಇಲ್ಲ, ಆದರೆ ಅದು ತಾಯಿಯ ತಲೆಗೆ ಕಟ್ಟುವ ಅಪರಾಧದ ಹೊರೆ ಮಾತ್ರ ನಿಜವಾದದ್ದು, ಮತ್ತು ಅದನ್ನು ಇಳಿಸುವುದೂ ಚಿಕಿತ್ಸೆಯ ಒಂದು ಭಾಗವೇ.

ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನಲ್ಲಿ, ಅಂಗುಳದ ಶಸ್ತ್ರಚಿಕಿತ್ಸೆ 9ರಿಂದ 18 ತಿಂಗಳೊಳಗೆ ನಡೆಯುತ್ತದೆ. ಹೊಲಿದ ತುಟಿಯನ್ನು ಕಂಡ ಮನೆಯವರು ಎಲ್ಲವೂ ಮುಗಿಯಿತೆಂದು ನೆಮ್ಮದಿಪಡುತ್ತಾರೆ. ಅಗಿಯುವ ಶಕ್ತಿಯ ಮಟ್ಟಿಗೆ ಹೇಳುವುದಾದರೆ ಕತೆ ಆರಂಭವಾಗುವುದೇ ಅಲ್ಲಿಂದ. ಅಂಗುಳದ ಮೇಲೆ ಉಳಿದ ಗಾಯದ ಕಲೆ ಬಿಗಿಯಾದ ಅಂಗಾಂಶವಾದ್ದರಿಂದ ಮೇಲ್ದವಡೆ ಅಗಲಕ್ಕೂ ಮುಂದಕ್ಕೂ ಬೆಳೆಯದಂತೆ ಅದು ತಡೆಯುತ್ತದೆ, ಕೆಳದವಡೆಯಾದರೋ ತನ್ನ ಪಾಡಿಗೆ ಬೆಳೆಯುತ್ತ ಹೋಗುತ್ತದೆ. ಹೀಗಾಗಿ ಮೇಲಿನ ಹಲ್ಲುಗಳು ಕೆಳಗಿನವನ್ನು ಹೊರಗಿನಿಂದ ಆವರಿಸುವ ಬದಲು ಒಳಗೇ ಸಿಲುಕಿ ಉಲ್ಟಾ ಕೂಡುತ್ತವೆ. ಸೀಳು ಹಾದುಹೋದ ಕಡೆ ಮುಂಬಲ್ಲುಗಳ ಪಕ್ಕದ ಬಾಚಿಹಲ್ಲು ಹಲವು ಮಕ್ಕಳಲ್ಲಿ ಮೂಡುವುದೇ ಇಲ್ಲ, ಮೂಡಿದರೂ ಸಣ್ಣದಾಗಿ ವಕ್ರವಾಗಿರುತ್ತದೆ. ಎಷ್ಟು ಜೋಡಿ ಹಲ್ಲುಗಳು ಪರಸ್ಪರ ತಾಗುತ್ತವೆ ಎಂಬುದರ ಮೇಲೆ ಆಹಾರ ಎಷ್ಟು ನುಣ್ಣಗಾಗುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುವುದರಿಂದ, ತಾಗದ ಹಲ್ಲು ಬಾಯಲ್ಲಿದ್ದರೂ ಅಗಿಯುವ ಲೆಕ್ಕಕ್ಕೆ ಇಲ್ಲದಂತೆಯೇ.

ಈ ಶಕ್ತಿಯನ್ನು ಅಳೆಯಲು ಹಲವು ಮಾರ್ಗಗಳಿವೆ. ಅಮೆರಿಕದ ಮ್ಯಾನ್ಲಿ ಮತ್ತು ಬ್ರೇಲಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಡಲೆಬೀಜದಂಥ ಆಹಾರವನ್ನು ಗೊತ್ತಾದಷ್ಟು ಸಲ ಅಗಿಸಿ, ಉಗುಳಿಸಿ, ಜರಡಿಯಲ್ಲಿ ಸೋಸಿ, ಎಷ್ಟು ಪಾಲು ನುಣ್ಣಗಾಗಿ ಕೆಳಗಿಳಿಯಿತೆಂದು ನೋಡುವ ವಿಧಾನವನ್ನು ಬಳಸಲಾಗಿತ್ತು. ಈಗ ಎರಡು ಬಣ್ಣದ ಚ್ಯೂಯಿಂಗ್ ಗಮ್ ಅಗಿಸಿ ಬಣ್ಣಗಳು ಎಷ್ಟರಮಟ್ಟಿಗೆ ಬೆರೆತಿವೆಯೆಂದು ಕಂಪ್ಯೂಟರಿನಲ್ಲಿ ಅಳೆಯುವುದುಂಟು. ಹಲ್ಲುಗಳ ನಡುವೆ ಮಾಪಕವಿಟ್ಟು ಕಚ್ಚುವ ಬಲವನ್ನು ನೇರವಾಗಿಯೂ ನೋಡಲಾಗುತ್ತದೆ. ಇಂಥ ಪರೀಕ್ಷೆಗಳಲ್ಲಿ ಸೀಳು ಅಂಗುಳವಿರುವ ಮಕ್ಕಳ ಅಂಕ ಅದೇ ವಯಸ್ಸಿನ ಇತರರಿಗಿಂತ ಕಡಿಮೆ ಬರುವುದು ಸಾಮಾನ್ಯ, ಆದರೂ ಆ ಮಕ್ಕಳನ್ನೇ ಕೇಳಿದರೆ ತಿನ್ನಲು ತೊಂದರೆಯಿಲ್ಲವೆಂದು ಹೇಳುವುದುಂಟು. ಅದು ಸುಳ್ಳಲ್ಲ; ಚೆನ್ನಾಗಿ ಅಗಿದು ಗೊತ್ತಿಲ್ಲದ ಮಗುವಿಗೆ ಹೋಲಿಸಿ ನೋಡಲು ಬೇರೆ ಅನುಭವವೇ ಇರುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಹಳೆಯ ಮೈಸೂರು ಸೀಮೆಯ ರಾಗಿಮುದ್ದೆಯನ್ನು ಅಗಿಯುವ ವಾಡಿಕೆಯಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮುದ್ದೆ, ಅನ್ನ ಸಾರು, ಇಡ್ಲಿಯ ಮೇಲೆ ಬೆಳೆದ ಮಗುವಿನ ದವಡೆಯ ಕೊರತೆ ಮನೆಯವರ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯಬಲ್ಲದು. ಕಲಬುರಗಿ, ವಿಜಯಪುರ, ಬಾಗಲಕೋಟೆಯ ಕಡೆಯ ಕಟಕ ರೊಟ್ಟಿ, ಶೇಂಗಾ, ಹಸಿ ಸೌತೆ ಮೂಲಂಗಿಯ ಊಟವಾದರೆ ಅದೇ ಕೊರತೆಯನ್ನು ಬೇಗ ಹೊರಗೆಡಹುತ್ತದೆ, ಏಕೆಂದರೆ ಅಲ್ಲಿ ಮಗು ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿಕೊಂಡೇ ತಿನ್ನುತ್ತದೆ, ಇಲ್ಲವೆ ಎಲ್ಲರಿಗಿಂತ ತಡವಾಗಿ ಊಟ ಮುಗಿಸುತ್ತದೆ. ಆದ್ದರಿಂದ ವೈದ್ಯರು ‘ಅಗಿಯಲು ಕಷ್ಟವೇ’ ಎಂದಷ್ಟೇ ಕೇಳದೆ, ಮಗು ಏನನ್ನು ತಿನ್ನುತ್ತದೆ, ಏನನ್ನು ತಟ್ಟೆಯಲ್ಲಿ ಬಿಡುತ್ತದೆ, ಯಾವ ಪಕ್ಕದಿಂದ ಅಗಿಯುತ್ತದೆ ಎಂದು ವಿಚಾರಿಸಬೇಕು. ಯಾವ ಯಂತ್ರವೂ ಬೇಡದ ಈ ವಿಚಾರಣೆ ಹಲ್ಲಿನ ಅಚ್ಚು, ಎಕ್ಸ್‌-ರೇಗಳಷ್ಟೇ ಅಗತ್ಯವಾದದ್ದು.

ವಕ್ರದಂತ ಚಿಕಿತ್ಸೆ, ಅಂದರೆ ಜನರ ಬಾಯಲ್ಲಿ ‘ಕ್ಲಿಪ್ ಹಾಕಿಸುವುದು’, ಈ ಮಕ್ಕಳಲ್ಲಿ ಅಂದಕ್ಕಾಗಿ ಮಾಡುವ ಅಲಂಕಾರವಲ್ಲ. ಬೆಳವಣಿಗೆಯನ್ನು ಕಾದು ಕಾದು ಹಂತ ಹಂತವಾಗಿ ನಡೆಸಬೇಕಾದ ಕೆಲಸವಿದು, ಅದರಲ್ಲಿ ಅತ್ಯಂತ ನಾಜೂಕಾದ ಹಂತ ಬರುವುದು ಹಾಲುಹಲ್ಲುಗಳೂ ಶಾಶ್ವತ ಹಲ್ಲುಗಳೂ ಬಾಯಲ್ಲಿ ಬೆರೆತಿರುವ 7ರಿಂದ 11 ವರ್ಷದ ನಡುವೆ. ಹಲ್ಲು ನಿಲ್ಲುವ ಎಲುಬಿನಲ್ಲಿಯೂ ಸೀಳು ಇರುವುದರಿಂದ ಅಲ್ಲಿಗೆ ಸೊಂಟದ ಎಲುಬಿನಿಂದ ತೆಗೆದ ಮೃದುವಾದ ಎಲುಬಿನ ತುಣುಕುಗಳನ್ನು ತುಂಬಬೇಕಾಗುತ್ತದೆ; ಬಾಯ್ನ್ ಮತ್ತು ಸ್ಯಾಂಡ್ಸ್ ಎಂಬ ಶಸ್ತ್ರಚಿಕಿತ್ಸಕರು 1972ರಲ್ಲಿ ವಿವರಿಸಿದ ಈ ಎಲುಬಿನ ಕಸಿ ಇಂದು ಬಹುತೇಕ ಎಲ್ಲ ಕಡೆಯೂ ರೂಢಿಗೆ ಬಂದಿದೆ. ಕಸಿಗೆ ಮೊದಲು, ಅಂಗುಳಕ್ಕೆ ಕೂಡಿಸುವ ತಂತಿಯ ಸಾಧನದಿಂದ ಇಕ್ಕಟ್ಟಾದ ಮೇಲ್ದವಡೆಯನ್ನು ಮೆಲ್ಲಗೆ ಅಗಲಿಸಲಾಗುತ್ತದೆ. ಕಸಿಯ ಹೊತ್ತನ್ನು ನಿರ್ಧರಿಸುವುದು ಮಗುವಿನ ವಯಸ್ಸಿಗಿಂತ ಹೆಚ್ಚಾಗಿ ಕೋರೆಹಲ್ಲು: ಅದರ ಬೇರು ಅರ್ಧದಿಂದ ಮೂರರಲ್ಲಿ ಎರಡು ಪಾಲು ಬೆಳೆದಿರುವಾಗ ಕಸಿ ಮಾಡಿದರೆ ಆ ಹಲ್ಲು ಹೊಸ ಎಲುಬಿನ ಮೂಲಕವೇ ಇಳಿದು ಬರುತ್ತದೆ, ಇಳಿಯುತ್ತ ಆ ಎಲುಬನ್ನೂ ಗಟ್ಟಿ ಮಾಡುತ್ತದೆ. ಈ ಕಾಲ ತಪ್ಪಿಹೋದರೆ ಸೀಳಿನ ಪಕ್ಕದ ಹಲ್ಲುಗಳಿಗೆ ಎಲುಬಿನ ಆಸರೆ ಸಿಗುವುದಿಲ್ಲ. ಮುಂದೆ ಕಸಿ ಮಾಡಿಸಿದರೂ ಅಷ್ಟು ಒಳ್ಳೆಯ ಫಲ ಬರುವುದು ಕಷ್ಟ. ತುಟಿಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸಿಕ್ಕ ಆಸ್ಪತ್ರೆಯ ನಂಟು 8ನೆಯ ವಯಸ್ಸಿನವರೆಗೂ ಉಳಿಯಬೇಕೆಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಮುಂದೆ ಹರೆಯದಲ್ಲಿ ಎಲ್ಲ ಹಲ್ಲುಗಳಿಗೂ ಕ್ಲಿಪ್ ಬರುತ್ತದೆ. ತಂತಿ ಬಿಗಿಸಿದ ಬಳಿಕ ಕೆಲವು ದಿನ ಹಲ್ಲು ಜುಮ್ಮೆನ್ನುವುದರಿಂದ ಮೊದಲೇ ಕಡಿಮೆಯಿರುವ ಅಗಿಯುವ ಶಕ್ತಿ ಆಗ ಇನ್ನಷ್ಟು ಇಳಿಯುತ್ತದೆ. ಚಕ್ಕುಲಿ, ಕಬ್ಬು, ಗಟ್ಟಿ ರೊಟ್ಟಿಯನ್ನು ದೂರವಿಡಲು ಹೇಳುವಾಗ ಮೊಟ್ಟೆ, ಬೇಳೆ, ಮೊಸರು, ಚೆನ್ನಾಗಿ ಬೆಂದ ಕಾಳು ತರಕಾರಿಗಳಿಂದ ಪೋಷಣೆಯ ಕೊರತೆ ತುಂಬಬೇಕೆಂಬುದನ್ನೂ ಹೇಳಬೇಕು. ಈ ಮಕ್ಕಳ ಹಲ್ಲುಗಳು ಸಾಲುತಪ್ಪಿರುವುದರಿಂದಲೂ ಸೀಳಿನ ಬಳಿಯ ಹಲ್ಲುಗಳ ಹೊರಕವಚ ದುರ್ಬಲವಾಗಿರಬಹುದಾದ್ದರಿಂದಲೂ ಹುಳುಕಿನ ಭಯ ಹೆಚ್ಚು, ಹುಳುಕಿಗೆ ಒಂದು ದವಡೆಹಲ್ಲು ಹೋದರೆ ವರ್ಷಗಳ ಶ್ರಮದಿಂದ ಗಳಿಸಿದ ಹಲ್ಲಿನ ಜೋಡಿಯೂ ಹೋದಂತೆ.

ಎರಡು ದವಡೆಗಳ ಅಂತರ ತೀರ ಹೆಚ್ಚಾಗಿದ್ದರೆ ಹಲ್ಲುಗಳನ್ನು ಸರಿಸುವುದರಿಂದಷ್ಟೇ ಸಾಲದೆ, ಮೇಲ್ದವಡೆಯನ್ನೇ ಬಿಡಿಸಿ ಮುಂದಕ್ಕೆ ತಂದು ನಿಲ್ಲಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಧಾರವಾಡದ ಎಸ್‌ಡಿಎಂ ಸಂಸ್ಥೆಯ ಕ್ರೇನಿಯೋಫೇಷಿಯಲ್ (ತಲೆಬುರುಡೆ ಮತ್ತು ಮುಖದ) ಘಟಕದಂಥ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸಕರೂ ವಕ್ರದಂತ ತಜ್ಞರೂ ಕೂಡಿ ಕೆಲಸ ಮಾಡುವುದು ಇದಕ್ಕಾಗಿಯೇ. ದವಡೆ ಸರಿಯಾದ ಜಾಗಕ್ಕೆ ಬಂದರೂ ಸ್ನಾಯುಗಳು ಹೊಸ ಕಚ್ಚುವಿಕೆಗೆ ಒಗ್ಗಲು ತಡವಾಗುತ್ತದೆ. ಅಗಿಯುವ ಶಕ್ತಿ ತಿಂಗಳುಗಳಲ್ಲಿ ಅಲ್ಲ, ವರ್ಷಗಳಲ್ಲಿ ಸುಧಾರಿಸುತ್ತದೆ. ಈ ಶಸ್ತ್ರಚಿಕಿತ್ಸೆಯನ್ನು ದವಡೆಯ ಬೆಳವಣಿಗೆ ನಿಂತ ಮೇಲೆಯೇ ಮಾಡಬೇಕಾದ್ದರಿಂದ ಹುಡುಗರಲ್ಲಿ ಅದಕ್ಕೆ ಸಮಯ ಕೂಡಿಬರುವುದು 18ರ ಆಸುಪಾಸಿನಲ್ಲಿ ಅಥವಾ ಆಮೇಲೆ. ಶಾಲೆ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಸೀಳುತುಟಿ, ಸೀಳು ಅಂಗುಳವನ್ನೂ ಗುರುತಿಸುವ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿ ಹುಟ್ಟಿನಿಂದ 18 ವರ್ಷದವರೆಗೆ. ತೊಟ್ಟಿಲಿನಿಂದ ಕೈಹಿಡಿದು ನಡೆಸಿದ ವ್ಯವಸ್ಥೆ ಕೊನೆಯ ಹಂತ ಆರಂಭವಾಗುವ ಹೊತ್ತಿಗೇ ಕೈಬಿಡದಂತೆ, 15ನೆಯ ವಯಸ್ಸಿನಲ್ಲೇ ಆ ಹುಡುಗ ಹುಡುಗಿಯರ ಮುಂದಿನ ಚಿಕಿತ್ಸೆಯ ಯೋಜನೆಯನ್ನೂ ಖರ್ಚಿನ ದಾರಿಯನ್ನೂ ಬರಹದಲ್ಲಿ ಗೊತ್ತುಮಾಡಿ ಮನೆಯವರ ಕೈಗೆ ಕೊಡುವುದು ಆಗಬೇಕಾದ ಕೆಲಸ.